ಹೂರಣ ಬಾದಾಮಿಯದು, ಲೆಕ್ಕ ತೇವದ್ದು

ನಿನ್ನೆ ಮಿಕ್ಕ ಇಡ್ಲಿಯನ್ನು ಪುಡಿ ಮಾಡಿ ಒಗ್ಗರಣೆ ಕೊಟ್ಟರೆ ಇವತ್ತಿನ ಉಪ್ಪಿಟ್ಟು ಆಯಿತು. ಫ್ರಾನ್ಸಿನ ಬೇಕರಿಗಳ ಬಾದಾಮಿ ಕ್ರೊಸಾಂಟ್ ಕೂಡ ಇದೇ ಜಾತಿಯ ತಿಂಡಿ; ಕ್ರೊಸಾಂಟ್ ಅಂದರೆ ಬೆಣ್ಣೆಯ ಪದರ ಪದರದ ಬನ್ನು. ಮಾರಾಟವಾಗದೆ ಉಳಿದು, ಒಂದು ರಾತ್ರಿ ಕಳೆದು ಒಣಗಿದ ಕ್ರೊಸಾಂಟನ್ನು ಅಡ್ಡ ಸೀಳುತ್ತಾರೆ. ಸಕ್ಕರೆ ಪಾಕದಲ್ಲಿ ಅದ್ದುತ್ತಾರೆ. ಹೊಟ್ಟೆಗೆ ಬಾದಾಮಿ ಕ್ರೀಮು ತುಂಬಿ, ಬೆನ್ನಿಗೂ ಒಂದಿಷ್ಟು ಸವರಿ, ತೆಳ್ಳಗೆ ಹೆಚ್ಚಿದ ಬಾದಾಮಿ ಉದುರಿಸಿ ಮತ್ತೊಮ್ಮೆ ಓವನ್ನಿಗೆ ಇಡುತ್ತಾರೆ. ಆಗಷ್ಟೇ ಬೆಂದ ಕ್ರೊಸಾಂಟಿನಲ್ಲಿ ಇದು ಸರಿ ಬರುವುದಿಲ್ಲ. ಅದರಲ್ಲಿ ಮೊದಲೇ ತೇವ ಇರುತ್ತದೆ, ಪಾಕವೂ ಸೇರಿದರೆ ಮುದ್ದೆಯಾಗುತ್ತದೆ. ಒಣಗಿದ್ದು ಮಾತ್ರ ಪಾಕ ಕುಡಿದೂ ಅಂಚಿನಲ್ಲಿ ಗರಿಗರಿಯಾಗಿ ಉಳಿಯಬಲ್ಲದು.

ಈ ತಿಂಡಿಯ ರುಚಿಯನ್ನು ಕುಕ್ಕಿಯೊಳಗೆ, ಅಂದರೆ ಮೆದು ಬಿಸ್ಕತ್ತಿನೊಳಗೆ ತರುವವರು ಹೆಚ್ಚಾಗಿ ಪರಿಮಳದ ಬೆನ್ನು ಹತ್ತುತ್ತಾರೆ. ಬಾದಾಮಿ ಎಸೆನ್ಸು ಹಾಕಿ, ಮೇಲೆ ಬಾದಾಮಿ ಚೂರು ಅಂಟಿಸಿ ಮುಗಿಸುತ್ತಾರೆ. ಅದು ಬಾದಾಮಿ ಬಿಸ್ಕತ್ತು ಆಗುತ್ತದೆ, ಬಾದಾಮಿ ಕ್ರೊಸಾಂಟಿನ ನೆನಪು ತರುವುದಿಲ್ಲ. ಆ ತಿಂಡಿಯ ಜೀವ ಇರುವುದು ಒಣಗಿದ ಹೊರಮೈ ಮತ್ತು ಒದ್ದೆ ಒಳಹೂರಣದ ನಡುವಿನ ಅಂತರದಲ್ಲಿ. ಕುಕ್ಕಿಯಲ್ಲಿ ಹೊರಗೆ ಎಷ್ಟು ನೀರು, ಒಳಗೆ ಎಷ್ಟು ನೀರು ಎಂಬ ಲೆಕ್ಕ ಹಿಡಿದರೆ ಉಳಿದ ಕೆಲಸವೆಲ್ಲ ಅದರ ಹಿಂದೆ ಬರುತ್ತದೆ. ಕಾಸರಗೋಡಿನಂಥ ಊರಿನಲ್ಲಿ ಗಾಳಿಯಲ್ಲಿರುವ ನೀರನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಜಾಗ ಇದು. ಆಟಿ ತಿಂಗಳ ಜಡಿಮಳೆಯಲ್ಲಿ ಉಪ್ಪಿನ ಭರಣಿಯೇ ನೀರಾಡುತ್ತದೆ, ಕುಕ್ಕಿಯ ಪಾಡು ಕೇಳುವುದೇ ಬೇಡ.

ಕ್ರೊಸಾಂಟನ್ನೇ ಯಾಕೆ ಮಾಡಬಾರದು ಎಂದು ಕೇಳಬಹುದು. ಹಿಟ್ಟಿನ ನಡುವೆ ಬೆಣ್ಣೆಯ ಹಾಳೆ ಇಟ್ಟು, ಮೂರು ಮಡಿಕೆಯಂತೆ ಮೂರು ಸಲ ಮಡಚಿದರೆ 27 ಪದರ ಬೆಣ್ಣೆ ಸಿಗುತ್ತದೆ. ಆದರೆ ಅಷ್ಟು ಹೊತ್ತೂ ಬೆಣ್ಣೆ ಬಾಗಬೇಕು, ಕರಗಬಾರದು. ಬೆಣ್ಣೆ 20 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ, 32ರಿಂದ 35 ಡಿಗ್ರಿಯೊಳಗೆ ಪೂರ್ತಿ ಕರಗುತ್ತದೆ. ಇಲ್ಲಿನ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಏಪ್ರಿಲಿನ ಅಡುಗೆಮನೆ ತಾನೇ 32 ಡಿಗ್ರಿ ಮುಟ್ಟುತ್ತದೆ. ಏಸಿ ಇಲ್ಲದ ಮನೆಯಲ್ಲಿ ಪದರದ ಹಿಟ್ಟಿಗೆ ಕೈ ಹಾಕಿದರೆ ಬೆಣ್ಣೆಯೂ ಸಮಯವೂ ವ್ಯರ್ಥ. ಕುಕ್ಕಿ ಹಾಗಲ್ಲ. ಅದರ ಬೆಣ್ಣೆಯನ್ನು ನಾವೇ ಕರಗಿಸುತ್ತೇವೆ, ಬೇಕಾದಾಗ ಫ್ರಿಜ್ಜಿನಲ್ಲಿ ಗಟ್ಟಿ ಮಾಡಿಕೊಳ್ಳುತ್ತೇವೆ. ಪದರ ಸಿಗುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಅಂಚಿನ ಗರಿ, ಕಾದ ಬೆಣ್ಣೆಯ ಘಮ, ನಡುವಿನ ಒದ್ದೆ ಬಾದಾಮಿ, ಮೇಲೆ ಕೆಂಪಗೆ ಹುರಿದ ಬಾದಾಮಿ ಪದರ ಇವಿಷ್ಟೂ ಸಿಗುತ್ತವೆ.

ಬೇಕರಿಯ ರುಚಿ ಈ ಕರಾವಳಿಗೆ ಹೊಸದಲ್ಲ. ನಮ್ಮಿಂದ ತೆಂಕಲಿಗೆ ರೈಲಿನಲ್ಲಿ ಸ್ವಲ್ಪ ಹೊತ್ತಿನ ದಾರಿಯಾದ ತಲಶ್ಶೇರಿಯಲ್ಲಿ ಬೇಕರಿ ನಡೆಸುತ್ತಿದ್ದ ಮಂಬಳ್ಳಿ ಬಾಪು ಅವರು 1883ರಲ್ಲೇ ಕ್ರಿಸ್‌ಮಸ್ ಕೇಕು ಬೇಯಿಸಿದ್ದರು. ಆದರೆ ಬೇಕರಿಯಿಂದ ತರುವುದು ಬೇರೆ, ಮನೆಯ ಓಟಿಜಿಯಲ್ಲಿ, ಅಂದರೆ ಚಿಕ್ಕ ಕರೆಂಟು ಓವನ್ನಿನಲ್ಲಿ ಬೇಯಿಸುವುದು ಬೇರೆ. ಇಲ್ಲಿ ಬರೆದಿರುವುದು ಮನೆಯ ಲೆಕ್ಕ: 12 ದೊಡ್ಡ ಕುಕ್ಕಿ, ಒಂದೊಂದೂ 50 ಗ್ರಾಂ ಕಣಕ, 15 ಗ್ರಾಂ ಹೂರಣ. ಹೋಳಿಗೆಯ ಮಾತನ್ನೇ ಬಳಸುತ್ತಿದ್ದೇನೆ, ಯಾಕೆಂದರೆ ಕೆಲಸವೂ ಅದೇ.

ಮೊದಲು ಬಾದಾಮಿ. ಒಟ್ಟು 200 ಗ್ರಾಂ ತಂದಿಟ್ಟುಕೊಳ್ಳಿ. ಅದರಲ್ಲಿ 120 ಗ್ರಾಂ ಪುಡಿಗೆ, ಉಳಿದದ್ದು ಮೇಲೆ ಅಂಟಿಸುವ ಚೂರಿಗೆ. ಕುದಿಯುವ ನೀರಿಗೆ ಬಾದಾಮಿ ಹಾಕಿ ಒಂದು ನಿಮಿಷ ಬಿಟ್ಟು ತಣ್ಣೀರಿಗೆ ಸುರಿದರೆ ಸಿಪ್ಪೆ ಬೆರಳ ಹಿಚುಕಿಗೆ ಜಾರಿ ಬರುತ್ತದೆ. ಚೂರು ಮಾಡುವ ಬಾದಾಮಿಯನ್ನು ಆಗಲೇ, ಒದ್ದೆ ಇರುವಾಗಲೇ ಚಾಕುವಿನಿಂದ ತೆಳ್ಳಗೆ ಹೆಚ್ಚಿಬಿಡಿ. ಒಣಗಿದ ಮೇಲೆ ಹೆಚ್ಚಲು ಹೋದರೆ ಒಡೆದು ಪುಡಿಯಾಗುತ್ತದೆ.

ಪುಡಿಯ ಬಾದಾಮಿಯನ್ನು ಪೂರ್ತಿ ಒಣಗಿಸಬೇಕು. ಬೇಸಗೆಯಾದರೆ ಒಂದು ದಿನದ ಬಿಸಿಲು ಸಾಕು. ಮಳೆಗಾಲದಲ್ಲಿ ಓವನ್ನಿನಲ್ಲಿ 90 ಡಿಗ್ರಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಇಡಿ, ಕೆಂಪಾಗಲು ಬಿಡಬೇಡಿ. ಒಣಗಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿ ತಿಳಿಯುವುದು ಕಷ್ಟ, ಹೊರಗೆ ಒಣಗಿದಂತೆ ಕಂಡರೂ ಒಳಗೆ ನೀರು ಇರುತ್ತದೆ. ತೂಕ ನೋಡಿ. ಸಿಪ್ಪೆ ಹೋದ ಮೇಲೆ 120 ಗ್ರಾಂ ಬಾದಾಮಿ ಸುಮಾರು 115 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಗಬೇಕು. ಅದಕ್ಕಿಂತ ಹೆಚ್ಚಿದ್ದರೆ ಇನ್ನಷ್ಟು ಒಣಗಿಸಬೇಕು. ಆಮೇಲೆ ಪೂರ್ತಿ ತಣ್ಣಗಾಗಲಿ. ಬಾದಾಮಿಯ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ. ಬಿಸಿ ಇರುವಾಗ ಮಿಕ್ಸಿಗೆ ಹಾಕಿದರೆ, ಇಲ್ಲವೇ ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಗೋಡೆಗೆ ಅಂಟುತ್ತದೆ. ಹೂರಣ ಮತ್ತು ಕಣಕದ ಪಾಲಿನ ಸಕ್ಕರೆಯಿಂದ 10 ಗ್ರಾಂನಂತೆ ಒಟ್ಟು 20 ಗ್ರಾಂ ತೆಗೆದು ಜೊತೆಗೆ ಹಾಕಿ. ಮೂರು ನಾಲ್ಕು ಸೆಕೆಂಡಿನಂತೆ ಬಿಟ್ಟು ಬಿಟ್ಟು ತಿರುಗಿಸಿ. ಸಕ್ಕರೆ ಹರಳು ಎಣ್ಣೆಯನ್ನು ಹಿಡಿದಿಟ್ಟು ಪುಡಿಯನ್ನು ಉದುರುದುರಾಗಿ ಇಡುತ್ತದೆ. ರವೆ ಜರಡಿಯಲ್ಲಿ ಆಡಿಸಿ, ಉಳಿದ ತರಿಯನ್ನು ಇನ್ನೊಮ್ಮೆ ಮಾತ್ರ ತಿರುಗಿಸಿ. ಮೂರನೇ ಸಲ ತಿರುಗಿಸಿದರೆ ಅದು ಪೇಸ್ಟು.

ಬಾದಾಮಿ ಎಸೆನ್ಸಿನ ವಿಷಯ ಒಂದು ಮಾತು. ಆ ವಾಸನೆ ನಾವು ದಿನಾ ತಿನ್ನುವ ಸಿಹಿ ಬಾದಾಮಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದು ಕಹಿ ಬಾದಾಮಿಯ ವಾಸನೆ, ಬೆಂಜಾಲ್ಡಿಹೈಡ್ ಎಂಬ ರಾಸಾಯನಿಕದ್ದು. ಕಹಿ ಬಾದಾಮಿ ಜಗಿದಾಗ ಅದರಲ್ಲಿರುವ ಅಮಿಗ್ಡಲಿನ್ ಎಂಬ ಅಂಶ ಒಡೆದು ಈ ಪರಿಮಳದ ಜೊತೆಗೆ ಸಯನೈಡ್ ವಿಷವನ್ನೂ ಬಿಡುತ್ತದೆ. ಹಾಗಾಗಿ ಪರಿಮಳ ಬೇಕೆಂದು ಕಹಿ ಬಾದಾಮಿ ಹುಡುಕಿ ಹಾಕುವುದು ಅಪಾಯ. ಅಂಗಡಿಯ ಎಸೆನ್ಸು ಸಾಕು, ಅದೂ ಒಟ್ಟು ಅರ್ಧ ಟೀ ಚಮಚದೊಳಗೆ. ಕಣಕಕ್ಕೆ ಕಾಲು ಚಮಚ, ಹೂರಣಕ್ಕೆ ನಾಲ್ಕೈದು ಹನಿ. ಇದಕ್ಕಿಂತ ಹೆಚ್ಚಾದರೆ ಕೆಮ್ಮಿನ ಔಷಧಿಯ ವಾಸನೆ ಬಂದು ಬೆಣ್ಣೆಯ ಘಮ ಸತ್ತೇ ಹೋಗುತ್ತದೆ.

ಗುಡ್ಡೆ ತುಂಬ ಗೇರುಮರ ಇರುವ ಊರಲ್ಲಿ ಬಾದಾಮಿಗೇ ಯಾಕೆ ದುಡ್ಡು ಕೊಡಬೇಕು ಎಂಬ ಪ್ರಶ್ನೆಗೆ ಸಡಿಲ ಉತ್ತರ ಕೊಡುವಂತಿಲ್ಲ. ಗೇರುಬೀಜದ ಹೂರಣ ಆಗುತ್ತದೆ, ಆದರೆ ಅದು ಬೇರೆಯೇ ಹೂರಣ. ಗೇರುಬೀಜದಲ್ಲಿ ಎಣ್ಣೆ ಬಾದಾಮಿಗಿಂತ ಕಡಿಮೆ, ಪಿಷ್ಟ ಬಹಳ ಹೆಚ್ಚು. ಬೇಯುವಾಗ ಆ ಪಿಷ್ಟ ನೀರು ಹೀರಿ ಅಂಟಾಗುತ್ತದೆ. ತಣ್ಣಗಾದ ಮೇಲೆ ಬಾದಾಮಿಯ ಹೂರಣ ಒದ್ದೆ ಮರಳಿನಂತೆ ಬಾಯಲ್ಲಿ ಬಿಡಿಸಿಕೊಂಡರೆ, ಗೇರುಬೀಜದ್ದು ಕಾಜು ಬರ್ಫಿಯಂತೆ ಹಲ್ಲಿಗೆ ಹಿಡಿಯುತ್ತದೆ. ಅರ್ಧಕ್ಕರ್ಧ ಬೆರೆಸಿದರೆ ಒಳ್ಳೆಯ ನಡುದಾರಿ: ಹೂರಣದ 60 ಗ್ರಾಂ ಪುಡಿಗೆ 30 ಗ್ರಾಂ ಬಾದಾಮಿ, 30 ಗ್ರಾಂ ಗೇರುಬೀಜ. ಖರ್ಚೂ ಇಳಿಯುತ್ತದೆ, ಅಂಚಿನ ತರಿಯೂ ಉಳಿಯುತ್ತದೆ. ಕಣಕದೊಳಗೆ ಹಾಕುವ 50 ಗ್ರಾಂ ಪುಡಿಯನ್ನು ಪೂರ್ತಿ ಗೇರುಬೀಜದಿಂದಲೇ ಮಾಡಿದರೂ ನಡೆಯುತ್ತದೆ, ಅಲ್ಲಿ ವ್ಯತ್ಯಾಸ ತಿಳಿಯುವುದೇ ಇಲ್ಲ. ಶಾಲೆಯ ಅಂಗಳದಲ್ಲಿ, ಕಡಲ ಬದಿಯಲ್ಲಿ ಬೆಳೆಯುವ ಕಾಡು ಬಾದಾಮಿ ಮರದ ಕಾಯಿಯೊಳಗೂ ತಿನ್ನುವ ತಿರುಳು ಇದೆ. ಮಕ್ಕಳು ಕಲ್ಲಿನಿಂದ ಜಜ್ಜಿ ತಿನ್ನುವುದು ಅದನ್ನೇ. ಹೆಸರು ಒಂದೇ ಆದರೂ ಅದಕ್ಕೂ ಬಾದಾಮಿಗೂ ಕುಲಸಂಬಂಧವಿಲ್ಲ. ಒಂದು ಕಾಯಿಯಲ್ಲಿ ಸಿಗುವುದು ಬೆರಳ ತುದಿಯಷ್ಟು ತಿರುಳು, ಹಿಟ್ಟು ಮಾಡುವಷ್ಟು ಕೂಡಿಸಲು ಒಂದು ವಾರ ಬೇಕಾದೀತು.

ಇನ್ನು ಬೆಣ್ಣೆ. ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಡುವುದು ಇದು. ಕ್ರೊಸಾಂಟಿನ ಘಮ ಅಂದರೆ ಬೆಂದ ಬೆಣ್ಣೆಯ ಘಮ. ಅದನ್ನು ಕುಕ್ಕಿಗೆ ತರಬೇಕಾದರೆ ಬೆಣ್ಣೆಯನ್ನು ಕಂದು ಬರುವ ತನಕ ಕಾಯಿಸಬೇಕು. ತುಪ್ಪ ಕಾಯಿಸಿ ಗೊತ್ತಿರುವ ಕೈಗೆ ಇದು ಹೊಸ ಪಾಠವಲ್ಲ, ಕೊನೆಯ ಹೆಜ್ಜೆ ಮಾತ್ರ ತಿರುವುಮುರುವು. ತುಪ್ಪಕ್ಕೆ ನಾವು ತಳದ ಚರಟವನ್ನು ಸೋಸಿ ಬಿಡುತ್ತೇವೆ. ಇಲ್ಲಿ ಬೇಕಾದದ್ದೇ ಆ ಚರಟ. ಹಾಲಿನ ಪ್ರೋಟೀನು ಮತ್ತು ಹಾಲಿನ ಸಕ್ಕರೆ ಹುರಿದು ಕಂದಾಗಿ ತಳದಲ್ಲಿ ಕೂತಿರುವುದು ಅಲ್ಲಿ. ಘಮವೆಲ್ಲ ಅದರಲ್ಲೇ ಇದೆ.

ಸ್ಟೀಲಿನ, ತಳ ದಪ್ಪವಿರುವ ಪಾತ್ರೆಗೆ ಉಪ್ಪಿಲ್ಲದ ಬೆಣ್ಣೆ 150 ಗ್ರಾಂ ಹಾಕಿ ಸಣ್ಣ ಉರಿಯಲ್ಲಿಡಿ. ಕಪ್ಪು ಬಾಣಲೆ ಬೇಡ, ಬಣ್ಣ ಕಾಣುವುದಿಲ್ಲ. ಕರಗಿದ ಮೇಲೆ ಜೋರಾಗಿ ಚಟಪಟ ಸದ್ದು ಶುರುವಾಗುತ್ತದೆ, ಅದು ನೀರು ಹಾರುವ ಸದ್ದು. ಅಂಗಡಿಯ ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಪಾಲು ನೀರು ಇರುತ್ತದೆ. ಸದ್ದು ತಾನಾಗಿ ಇಳಿಯುತ್ತದೆ. ಆಗ ಎರಡನೇ ಸಲ ಸಣ್ಣ, ಒತ್ತಾದ ನೊರೆ ಏಳುತ್ತದೆ. ಅಲ್ಲಿಂದ ಒಂದು ನಿಮಿಷ, ಹೆಚ್ಚೆಂದರೆ ಎರಡು. ಚಮಚದಿಂದ ನೊರೆ ಸರಿಸಿ ತಳ ನೋಡುತ್ತಿರಿ. ತಳದ ಕಣಗಳು ಹುರಿದ ಗೋಧಿಯ ಬಣ್ಣಕ್ಕೆ ಬಂದು, ಮೂಗಿಗೆ ಹುರಿದ ಗೇರುಬೀಜದ ವಾಸನೆ ಹತ್ತಿದ ಕೂಡಲೇ ಇಳಿಸಿ ಬೇರೆ ಬಟ್ಟಲಿಗೆ ಸುರಿಯಬೇಕು, ಚರಟವನ್ನೂ ಕೆರೆದು ಹಾಕಬೇಕು. ಅದೇ ಪಾತ್ರೆಯಲ್ಲಿ ಬಿಟ್ಟರೆ ಪಾತ್ರೆಯ ಕಾವಿಗೇ ಇನ್ನೊಂದು ನಿಮಿಷದಲ್ಲಿ ಕಪ್ಪಾಗಿ ಕಹಿಯಾಗುತ್ತದೆ.

ಈಗ ತೂಗಿ ನೋಡಿ. 122ರಿಂದ 125 ಗ್ರಾಂ ಇರಬೇಕು. ಮನೆಯಲ್ಲೇ ಮೊಸರು ಕಡೆದು ತೆಗೆದ ಬೆಣ್ಣೆಯಾದರೆ ಈ ತೂಕ ಇನ್ನೂ ಮುಖ್ಯ, ಯಾಕೆಂದರೆ ಅದರಲ್ಲಿ ನೀರು ಎಷ್ಟಿದೆ ಎಂದು ಹೇಳಲು ಬರುವುದಿಲ್ಲ. ಒಂದು ಸಲ ಕಡಿಮೆ, ಇನ್ನೊಂದು ಸಲ ಕಾಲು ಭಾಗವೇ ನೀರು. 180 ಗ್ರಾಂ ತೆಗೆದುಕೊಂಡು ಕಾಯಿಸಿ, ಕೊನೆಗೆ 124 ಗ್ರಾಂ ಅಳೆದುಕೊಳ್ಳುವುದು ಸುರಕ್ಷಿತ. ಉಪ್ಪು ಬೆಣ್ಣೆ ಮಾತ್ರ ಇದ್ದರೆ ಅದೂ ಆಗುತ್ತದೆ. ಅದರಲ್ಲಿ ಸುಮಾರು ನೂರಕ್ಕೆ 2 ಪಾಲು ಉಪ್ಪು ಇರುವುದರಿಂದ ಕಣಕಕ್ಕೆ ಬೇರೆ ಉಪ್ಪು ಬೇಡ. ಬೆಣ್ಣೆ ಇಲ್ಲ, ಮನೆಯ ತುಪ್ಪವಿದೆ ಅನ್ನುವವರು 118 ಗ್ರಾಂ ತುಪ್ಪದಲ್ಲಿ ಒಂದು ದೊಡ್ಡ ಚಮಚ ಹಾಲಿನ ಪುಡಿಯನ್ನು ಸಣ್ಣ ಉರಿಯಲ್ಲಿ ಕಂದಾಗುವ ತನಕ ಹುರಿದರೆ ಕಳೆದುಹೋದ ಚರಟ ವಾಪಸು ಬರುತ್ತದೆ.

ಕಣಕಕ್ಕೆ ಉಳಿದ ಅಳತೆ ಹೀಗೆ. ಮೈದಾ 210 ಗ್ರಾಂ, ಬಾದಾಮಿ ಪುಡಿ 50 ಗ್ರಾಂ, ಕಾರ್ನ್‌ಫ್ಲೋರ್ 8 ಗ್ರಾಂ, ಬೇಕಿಂಗ್ ಪೌಡರ್ 3 ಗ್ರಾಂ ಅಂದರೆ ಮುಕ್ಕಾಲು ಟೀ ಚಮಚ, ಅಡುಗೆ ಸೋಡಾ ಕಾಲು ಚಮಚ, ಉಪ್ಪು ಅರ್ಧ ಚಮಚ. ಸಕ್ಕರೆ ಎರಡು ಬಗೆಯದು: ಬ್ರೌನ್ ಶುಗರ್ 80 ಗ್ರಾಂ, ಬಿಳಿ ಸಕ್ಕರೆ 70 ಗ್ರಾಂ. ನಮ್ಮ ಅಂಗಡಿಯ ಸಕ್ಕರೆ ಹರಳು ದಪ್ಪ, ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ನುಣ್ಣಗೆ ಮಾಡಿಕೊಳ್ಳಬೇಕು. ಇಲ್ಲವಾದರೆ ಹಿಟ್ಟಿನಲ್ಲಿ ಕರಗದೆ ಉಳಿದು, ಬೇಯುವಾಗ ಅಲ್ಲಲ್ಲಿ ಕರಗಿ ಮೇಲ್ಮೈಯಲ್ಲಿ ಚುಕ್ಕೆ ಬೀಳುತ್ತದೆ. ಬ್ರೌನ್ ಶುಗರ್ ಬದಲು ಒಣ ಬೆಲ್ಲದ ಪುಡಿ ಹಾಕಬಹುದು. ಆದರೆ ಮುದ್ದೆ ಕಟ್ಟಿದ ಬೆಲ್ಲ, ಜೋನಿ ಬೆಲ್ಲ ಬೇಡ, ಅದರ ನೀರಿಗೆ ಕುಕ್ಕಿ ಹರಡಿ ದೋಸೆಯಾಗುತ್ತದೆ. ಮೊಟ್ಟೆ ಒಂದು, ಜೊತೆಗೆ ಇನ್ನೊಂದರ ಹಳದಿ ಮಾತ್ರ, ಎರಡೂ ಸೇರಿ 65 ಗ್ರಾಂ ಹತ್ತಿರ. ವೆನಿಲ್ಲಾ ಒಂದು ಚಮಚ.

ಕಂದು ಬೆಣ್ಣೆ ಕೋಣೆಯ ಶಾಖದಲ್ಲಿ ನಮ್ಮಲ್ಲಿ ಗಟ್ಟಿಯಾಗುವುದಿಲ್ಲ. ಫ್ರಿಜ್ಜಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ನಡುವೆ ಒಂದೆರಡು ಸಲ ಕಲಕಿ, ಮರಳು ಕಟ್ಟಿದ ತುಪ್ಪದ ಹದಕ್ಕೆ ತನ್ನಿ. ನೀರಿನಂತೆ ಇರುವಾಗಲೇ ಸಕ್ಕರೆ ಹಾಕಿದರೆ ಬೆಣ್ಣೆ ಬೇರೆ, ಸಕ್ಕರೆ ಬೇರೆ ನಿಂತು, ಕೊನೆಗೆ ಕುಕ್ಕಿಯ ಅಡಿಯಲ್ಲಿ ಎಣ್ಣೆ ಜಿನುಗುತ್ತದೆ. ಹದಕ್ಕೆ ಬಂದ ಬೆಣ್ಣೆಗೆ ಸಕ್ಕರೆ ಹಾಕಿ ಒಂದು ನಿಮಿಷ ಕಲಸಿ, ಮೊಟ್ಟೆ, ವೆನಿಲ್ಲಾ, ಎಸೆನ್ಸು ಸೇರಿಸಿ ಹೊಳಪು ಬರುವ ತನಕ ತಿರುವಿ. ಜರಡಿ ಹಿಡಿದ ಹಿಟ್ಟುಗಳನ್ನು ಕೊನೆಗೆ ಹಾಕಿ, ಬಿಳಿ ಮೈದಾ ಕಣ್ಣಿಗೆ ಕಾಣದಾದ ಕೂಡಲೇ ಕೈ ನಿಲ್ಲಿಸಿ. ಚಪಾತಿ ಹಿಟ್ಟಿನಂತೆ ನಾದಿದರೆ ಕುಕ್ಕಿ ಹಲ್ಲಿಗೆ ಜಗ್ಗುತ್ತದೆ. ಮುಚ್ಚಿ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಮೈದಾ ತೇವ ಹೀರಿ ಗಟ್ಟಿಯಾಗಲು ಅಷ್ಟು ಹೊತ್ತು ಬೇಕೇ ಬೇಕು. ಜಡಿಮಳೆಯ ದಿನಗಳಲ್ಲಿ ತೆರೆದಿಟ್ಟ ಮೈದಾ ತಾನೇ ತೇವ ಹೀರಿರುತ್ತದೆ. ಆಗ ಕಣಕ ಕೈಗೆ ಅಂಟುವಂತಿದ್ದರೆ 10 ಗ್ರಾಂ ಮೈದಾ ಹೆಚ್ಚು ಮಾಡಿ, ಅದಕ್ಕಿಂತ ಬೇಡ.

ಹೂರಣದ ಹಳೆಯ ಲೆಕ್ಕ ಬಹಳ ಸುಲಭ: ಬೆಣ್ಣೆ, ಸಕ್ಕರೆ, ಬಾದಾಮಿ ಪುಡಿ, ಮೊಟ್ಟೆ ನಾಲ್ಕೂ ಸಮ ತೂಕ. ಇದು ಬಾದಾಮಿ ಕ್ರೀಮು. ಇದಕ್ಕೆ ಹಾಲು ಮೊಟ್ಟೆಯ ಕಸ್ಟರ್ಡು ಬೆರೆಸಿದರೆ ಫ್ರಾಂಜಿಪೇನ್. ಎರಡೂ ಹೆಸರನ್ನು ಒಂದಕ್ಕೊಂದು ಬದಲಾಗಿ ಬಳಸುವವರಿದ್ದಾರೆ, ಕುಕ್ಕಿಯ ಮಟ್ಟಿಗೆ ಮಾತ್ರ ಈ ವ್ಯತ್ಯಾಸ ದೊಡ್ಡದು. ಕಸ್ಟರ್ಡಿನ ನೀರು ಕುಕ್ಕಿಯ ಹೊಟ್ಟೆಯಲ್ಲಿ ಹೋಗಲು ದಾರಿಯಿಲ್ಲದೆ ಕಣಕವನ್ನೇ ಹಸಿ ಮಾಡುತ್ತದೆ. ಆದ್ದರಿಂದ ಫ್ರಾಂಜಿಪೇನ್ ಬೇಡ. ಸಮ ತೂಕದ ಕ್ರೀಮು ಕೂಡ ಇಲ್ಲಿಗೆ ತುಸು ಒದ್ದೆಯೇ. ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರು. 45 ಗ್ರಾಂ ಮೊಟ್ಟೆ ಹಾಕಿದರೆ 34 ಗ್ರಾಂ ನೀರು ಹಾಕಿದಂತೆ. ಮೊಟ್ಟೆಯನ್ನು 25 ಗ್ರಾಂಗೆ ಇಳಿಸಿದರೆ ನೀರು 19 ಗ್ರಾಂಗೆ ಇಳಿಯುತ್ತದೆ. ಬಾದಾಮಿಯನ್ನು 60 ಗ್ರಾಂಗೆ ಏರಿಸಿದರೆ ಉಳಿದ ನೀರನ್ನು ಅದು ಹಿಡಿದುಕೊಳ್ಳುತ್ತದೆ. ಹೀಗಾಗಿ ನಮ್ಮ ಹೂರಣ: ಮೆತ್ತಗಿನ ಬೆಣ್ಣೆ 45 ಗ್ರಾಂ, ಪುಡಿ ಸಕ್ಕರೆ 45 ಗ್ರಾಂ, ಬಾದಾಮಿ ಪುಡಿ 60 ಗ್ರಾಂ, ಕಲಕಿದ ಮೊಟ್ಟೆ 25 ಗ್ರಾಂ, ಮೈದಾ ಒಂದು ದೊಡ್ಡ ಚಮಚ, ಚಿಟಿಕೆ ಉಪ್ಪು, ಎಸೆನ್ಸಿನ ಹನಿಗಳು. ಬಾದಾಮಿ ಅರೆಯುವಾಗ ಬೆರೆಸಿದ 20 ಗ್ರಾಂ ಸಕ್ಕರೆ ಕಣಕದ ಪುಡಿಗೂ ಹಂಚಿಹೋಗುವುದನ್ನು ಮರೆಯಬೇಡಿ. ಸಕ್ಕರೆ ಬೆರೆತ ಪುಡಿಯಿಂದ ಹೂರಣಕ್ಕೆ 70 ಗ್ರಾಂ, ಕಣಕಕ್ಕೆ 60 ಗ್ರಾಂ ತೂಗಿಕೊಂಡು, ಹೂರಣದ ಸಕ್ಕರೆಯನ್ನು 35 ಗ್ರಾಂಗೆ, ಕಣಕದ ಬಿಳಿ ಸಕ್ಕರೆಯನ್ನು 60 ಗ್ರಾಂಗೆ ಇಳಿಸಿದರೆ ಸರಿಹೋಗುತ್ತದೆ.

ಹೂರಣವನ್ನು ಚಮಚದಿಂದ ಒತ್ತಿ ಒತ್ತಿ ಕಲಸಿ, ಬೀಟರಿನಿಂದ ನೊರೆ ಬರಿಸಬೇಡಿ. ಒಳಗೆ ಗಾಳಿ ಸೇರಿದರೆ ಬೇಯುವಾಗ ಉಬ್ಬಿ ಕಣಕವನ್ನು ಸೀಳಿ ಹೊರಬರುತ್ತದೆ. ಬೇಕಿಂಗ್ ಪೇಪರಿನ ಮೇಲೆ 15 ಗ್ರಾಂನ ಹನ್ನೆರಡು ಬಿಲ್ಲೆ ಇಟ್ಟು, ನಾಲ್ಕು ಸೆಂಟಿಮೀಟರ್ ಅಗಲಕ್ಕೆ ತಟ್ಟಿ ಫ್ರೀಜರಿನಲ್ಲಿಡಿ. ಎರಡು ಗಂಟೆಗೆ ಕಲ್ಲಾಗುತ್ತದೆ. ಮಳೆಗಾಲದಲ್ಲಿ ಕರೆಂಟು ಎಷ್ಟು ಹೊತ್ತಿಗೆ ಕೈಕೊಡುತ್ತದೆ ಎಂದು ಯಾರಿಗೂ ತಿಳಿಯದು, ಹಿಂದಿನ ರಾತ್ರಿಯೇ ಮಾಡಿಟ್ಟರೆ ಆತಂಕವಿಲ್ಲ.

ತುಂಬುವ ಹೊತ್ತಿಗೆ ಹೋಳಿಗೆಯ ಒಂದು ಪಾಠ ನೆನಪಿನಲ್ಲಿರಬೇಕು, ಒಂದನ್ನು ಬಿಡಬೇಕು. ಹೋಳಿಗೆಗೆ ಕಣಕ ಹೂರಣ ಎರಡೂ ಹೆಚ್ಚುಕಡಿಮೆ ಒಂದೇ ಮೆದುವಿಗೆ ಬರಬೇಕು, ಇಲ್ಲದಿದ್ದರೆ ತಟ್ಟುವಾಗ ಒಡೆಯುತ್ತದೆ. ಇಲ್ಲಿ ಹೂರಣ ಕಲ್ಲಿನಂತಿರಬೇಕು, ಕಣಕ ಮೆದುವಾಗಿರಬೇಕು. ಕಣಕವನ್ನು ಅಂಚಿನಲ್ಲಿ ತೆಳ್ಳಗೆ, ನಡುವೆ ದಪ್ಪಗೆ ತಟ್ಟುವ ಪಾಠ ಮಾತ್ರ ಹಾಗೆಯೇ ಉಳಿಯುತ್ತದೆ. 50 ಗ್ರಾಂ ಉಂಡೆಯನ್ನು ಅಂಗೈಯಲ್ಲಿ ಏಳೆಂಟು ಸೆಂಟಿಮೀಟರ್ ಅಗಲಕ್ಕೆ ತಟ್ಟಿ, ನಡುವೆ ಬಿಲ್ಲೆ ಇಟ್ಟು, ಅಂಚನ್ನು ಸುತ್ತಲಿಂದ ಎತ್ತಿ ಮೇಲೆ ಕೂಡಿಸಿ. ಹೋಳಿಗೆಯಲ್ಲಿ ಜುಟ್ಟು ಚಿವುಟಿ ತೆಗೆದಂತೆ ಇಲ್ಲಿ ತೆಗೆಯಬೇಡಿ, ಬೆರಳಿನಿಂದ ತಿಕ್ಕಿ ಅಲ್ಲೇ ಬೆಸೆಯಿರಿ. ಆ ಬೆಸುಗೆ ಕೆಳಮುಖವಾಗಿ ಟ್ರೇಗೆ ತಾಗಬೇಕು. ಬಿಲ್ಲೆಗಳನ್ನು ಫ್ರೀಜರಿನಿಂದ ನಾಲ್ಕು ನಾಲ್ಕರಂತೆ ಮಾತ್ರ ತೆಗೆಯಿರಿ. ಹನ್ನೆರಡನ್ನೂ ಒಟ್ಟಿಗೆ ಹೊರಗಿಟ್ಟರೆ ಆರನೆಯದಕ್ಕೆ ಬರುವಷ್ಟರಲ್ಲಿ ಉಳಿದವು ಬೆವರಿ, ಆ ಬೆವರಿನ ನೀರಿಗೆ ಕಣಕ ಬೆಸೆಯದೆ ಬಾಯಿ ಬಿಡುತ್ತದೆ. ಹೂರಣ ಸೋರುವುದಕ್ಕೆ ಹತ್ತರಲ್ಲಿ ಎಂಟು ಸಲ ಕಾರಣ ಇದೇ.

ಉಳಿದ ಅರ್ಧ ಮೊಟ್ಟೆ, ಕಣಕಕ್ಕೆ ಹಳದಿ ತೆಗೆದಾಗ ಉಳಿದ ಬಿಳಿ ಎರಡನ್ನೂ ಸೇರಿಸಿ ಕಲಕಿದರೆ ಅಂಟು ಸಿದ್ಧ. ಉಂಡೆಯ ನೆತ್ತಿಯನ್ನು ಅದರಲ್ಲಿ ಅದ್ದಿ, ಬಾದಾಮಿ ಚೂರಿನ ತಟ್ಟೆಗೆ ಒತ್ತಿ. ಎರಡು ಸೆಂಟಿಮೀಟರ್ ದಪ್ಪಕ್ಕೆ ಅಂಗೈಯಿಂದ ಮೆಲ್ಲಗೆ ಅದುಮಿ ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಅದುಮದೆ ಬಿಟ್ಟರೆ ನಡುವಿನ ಮಂಜು ಕರಗುವ ಮೊದಲೇ ಅಂಚು ಬೆಂದು, ಕುಕ್ಕಿ ಲಾಡಿನಂತೆ ನಿಂತುಬಿಡುತ್ತದೆ.

ಓಟಿಜಿಯ ತಿರುಗಣೆ ತೋರಿಸುವ ಡಿಗ್ರಿಯನ್ನು ನಂಬುವಂತಿಲ್ಲ. ಒಳಗೆ ಇಡುವ ಚಿಕ್ಕ ಥರ್ಮಾಮೀಟರ್ ಒಂದು ಇದ್ದರೆ ಅರ್ಧ ತೊಂದರೆ ತಪ್ಪಿತು. ಮೇಲೆ ಕೆಳಗೆ ಎರಡೂ ಕಾಯಿಲ್ (ಕಾವು ಕೊಡುವ ಸರಳು) ಹಾಕಿ, 175 ಡಿಗ್ರಿಗೆ ಹದಿನೈದು ನಿಮಿಷ ಕಾಯಿಸಿ, ನಡುವಿನ ಅಂತಸ್ತಿನಲ್ಲಿ ಒಂದು ಸಲಕ್ಕೆ ಆರು ಕುಕ್ಕಿ, ನಡುವೆ ಐದು ಸೆಂಟಿಮೀಟರ್ ಜಾಗ. ಮೊದಲು ಒಂದೇ ಒಂದನ್ನು ಬೇಯಿಸಿ ನೋಡುವುದು ಜಾಣತನ. ಅದು ಹರಡಿ ತೆಳ್ಳಗಾದರೆ ಉಳಿದವನ್ನು ಇನ್ನಷ್ಟು ತಂಪು ಮಾಡಬಹುದು, ಕಣಕಕ್ಕೆ ಚೂರು ಮೈದಾ ಸೇರಿಸಲು ಮಾತ್ರ ಆಗ ತಡವಾಗಿರುತ್ತದೆ. 14ರಿಂದ 16 ನಿಮಿಷ. ಅಂಚು ಒಂದು ಸೆಂಟಿಮೀಟರಿನಷ್ಟು ಒಳಗೆ ಕೆಂಪಾಗಿರಬೇಕು, ನೆತ್ತಿಯ ಒದ್ದೆ ಹೊಳಪು ಹೋಗಿರಬೇಕು, ನಡು ಮುಟ್ಟಿದರೆ ಮೆತ್ತಗೇ ಇರಬೇಕು. ಚುಚ್ಚುವ ಥರ್ಮಾಮೀಟರ್ ಇದ್ದರೆ ಹೂರಣದ ನಡುವೆ 75 ಡಿಗ್ರಿ ಬರಲಿ, ಒಳಗೆ ಮೊಟ್ಟೆ ಇರುವುದರಿಂದ ಈ ಅಳತೆ ಬಿಡುವಂತಿಲ್ಲ. ಬಾದಾಮಿ ಚೂರು ಹತ್ತನೇ ನಿಮಿಷಕ್ಕೇ ಕೆಂಪಾಗಿಬಿಟ್ಟರೆ ಟ್ರೇ ಮೇಲಿನ ಕಾಯಿಲಿಗೆ ಹತ್ತಿರವಾಗಿದೆ ಎಂದರ್ಥ. ಒಂದು ಅಂತಸ್ತು ಕೆಳಗಿಳಿಸಿ, ಮೇಲೆ ಫಾಯಿಲ್ ಹೊದಿಸಿ. ಹೊರತೆಗೆದ ಮೇಲೆ ಹತ್ತು ನಿಮಿಷ ಟ್ರೇಯಲ್ಲೇ ಬಿಡಬೇಕು. ಬಿಸಿಯಲ್ಲಿ ಎತ್ತಿದರೆ ಹೂರಣದ ಭಾರಕ್ಕೆ ನಡುಮುರಿಯುತ್ತದೆ. ಮರಳು ತುಂಬಿದ ಬಾಣಲೆಯಲ್ಲಿ ನಾನ್‌ಖಟಾಯಿ ಬೇಯಿಸುವ ಪದ್ಧತಿ ಇದಕ್ಕೆ ಹೊಂದುವುದಿಲ್ಲ. ಅಲ್ಲಿ ಮೇಲಿನಿಂದ ಕಾವು ಇಲ್ಲ, ಬಾದಾಮಿ ಬಿಳಿಯಾಗಿಯೇ ಉಳಿಯುತ್ತದೆ.

ಒಡೆದು ನೋಡಿದಾಗ ಹೂರಣ ಹೇಗಿದೆ ಎಂಬುದೇ ಎಲ್ಲ ಕಥೆ ಹೇಳುತ್ತದೆ. ತಿಳಿ ಹಳದಿ, ಅಂಟಂಟಾಗಿ ಹೊಳೆಯುತ್ತಿದ್ದರೆ ಬೆಂದಿಲ್ಲ, ಮುಂದಿನ ಟ್ರೇಗೆ ಎರಡು ನಿಮಿಷ ಹೆಚ್ಚು ಕೊಡಿ. ಒಣಗಿ ಬಿರುಕು ಬಿಟ್ಟಿದ್ದರೆ ಬಾದಾಮಿ ಬಹಳ ಹುರಿದಿತ್ತು ಅಥವಾ ಹೂರಣ ಪೂರ್ತಿ ಮಂಜಾಗಿರಲಿಲ್ಲ. ಸುತ್ತ ಎಣ್ಣೆಯ ಉಂಗುರ ಕಂಡರೆ ಬಾದಾಮಿ ಮಿಕ್ಸಿಯಲ್ಲೇ ಎಣ್ಣೆ ಬಿಟ್ಟಿತ್ತು. ಹೂರಣ ಇದ್ದ ಜಾಗದಲ್ಲಿ ಗುಳಿ ಮಾತ್ರ ಇದ್ದರೆ ಅದು ಕಣಕದೊಳಗೆ ಕರಗಿ ಹೋಗಿದೆ. ಇದು ಸಕ್ಕರೆ ಹೆಚ್ಚಾದಾಗ ಆಗುತ್ತದೆ. ಸರಿಯಾದ ಹೂರಣ ತೆಂಗಿನಕಾಯಿ ಬರ್ಫಿಯ ನಡುಭಾಗದಂತೆ ತರಿತರಿಯಾಗಿ, ಚಾಕುವಿಗೆ ಅಂಟದೆ, ಆದರೆ ಬೆರಳಿಗೆ ತೇವ ತಾಗಿಸುವಂತೆ ಇರುತ್ತದೆ.

ಮೊಟ್ಟೆ ತಿನ್ನದ ಮನೆಗಳು ಈ ಸೀಮೆಯಲ್ಲಿ ಬಹಳ. ಕಣಕದ ಮೊಟ್ಟೆಯ ಬದಲು ಗಟ್ಟಿ ಮೊಸರು 45 ಗ್ರಾಂ, ಹಾಲು 10 ಗ್ರಾಂ, ಕಾರ್ನ್‌ಫ್ಲೋರ್ ಇನ್ನೂ 5 ಗ್ರಾಂ. ಕಂದು ಬೆಣ್ಣೆಯಲ್ಲಿ ನೀರಿಲ್ಲದ್ದರಿಂದ ಈ ನೀರು ಬೇಕಾಗುತ್ತದೆ. ಹೂರಣಕ್ಕೆ ಬೆಣ್ಣೆ 40, ಸಕ್ಕರೆ 45, ಬಾದಾಮಿ 65, ಹಾಲು 15, ಕಾರ್ನ್‌ಫ್ಲೋರ್ 6 ಗ್ರಾಂ. ಮೊಟ್ಟೆ ಮಾಡುವ ಗಟ್ಟಿ ಕಟ್ಟುವ ಕೆಲಸವನ್ನು ಇಲ್ಲಿ ಪಿಷ್ಟ ಮಾಡುತ್ತದೆ. ಇದಕ್ಕೆ ಗೇರುಬೀಜ ಬಾದಾಮಿಗಿಂತ ಚೆನ್ನಾಗಿ ಹೊಂದುತ್ತದೆ, ಅದರ ಪಿಷ್ಟವೇ ಸಹಾಯಕ್ಕೆ ಬರುತ್ತದೆ. ಚೂರು ಅಂಟಿಸಲು ಗಟ್ಟಿ ಹಾಲು ಸಾಕು. ಮೊಟ್ಟೆ ಇಲ್ಲದ್ದು ಹರಡುವುದು ಕಡಿಮೆ, ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಅದುಮಿ.

ಹೂರಣದ ಜೊತೆ ಹಲಸಿನ ಬೆರಟಿ (ಹಣ್ಣನ್ನು ಬೆಲ್ಲದಲ್ಲಿ ಕಾಯಿಸಿ ಗಟ್ಟಿ ಮಾಡಿದ ಪಾಕ) ಇಡುವ ಆಸೆ ಈ ಊರಿನವರಿಗೆ ಬರುವುದು ಸಹಜ. ಬೆರಟಿಯ ರುಚಿ ಬಹಳ ಗಟ್ಟಿ, ಬಾದಾಮಿಯನ್ನು ಪೂರ್ತಿ ಮುಚ್ಚಿಬಿಡುತ್ತದೆ. ಬೆರಟಿಯ ಕುಕ್ಕಿ ಬೇಕೆಂದರೆ ಅದನ್ನೇ ಬೇರೆಯಾಗಿ, ತೆಂಗಿನತುರಿಯ ಕಣಕದಲ್ಲಿ ಮಾಡುವುದು ಬೆರಟಿಗೂ ನ್ಯಾಯ.

ಪುಡಿ ಸಕ್ಕರೆ ಉದುರಿಸುವುದು ತಿನ್ನುವ ಹೊತ್ತಿಗೆ ಮಾತ್ರ. ಮನೆಯಲ್ಲಿ ಅರೆದ ಸಕ್ಕರೆಯಾದರೆ 50 ಗ್ರಾಂಗೆ ಒಂದು ಚಮಚ ಕಾರ್ನ್‌ಫ್ಲೋರ್ ಬೆರೆಸಿ. ಜುಲೈ ತಿಂಗಳಲ್ಲಿ ಮೊದಲೇ ಉದುರಿಸಿಟ್ಟರೆ ಅರ್ಧ ಗಂಟೆಗೆ ಕರಗಿ ಮಾಯ.

ಬೇಯಿಸದ ಉಂಡೆಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರಿನಲ್ಲಿ ಒಂದು ತಿಂಗಳು ಇಡಬಹುದು. ಬೇಕಾದಾಗ ಹೊರಗಿಟ್ಟು ಕರಗಿಸದೆ ನೇರ ಓವನ್ನಿಗಿಟ್ಟು ಎರಡು ಮೂರು ನಿಮಿಷ ಹೆಚ್ಚು ಬೇಯಿಸಿದರಾಯಿತು. ಬೆಂದ ಕುಕ್ಕಿ ಡಬ್ಬಿಯಲ್ಲಿ ಎರಡು ದಿನ, ಫ್ರಿಜ್ಜಿನಲ್ಲಿ ಐದು ದಿನ. ರಾತ್ರಿ ಕಳೆಯುವಷ್ಟರಲ್ಲಿ ಹೂರಣದ ತೇವ ಕಣಕಕ್ಕೆ ಇಳಿದು ಅಂಚಿನ ಗರಿ ಹೋಗಿರುತ್ತದೆ. ಕೆಟ್ಟಿತೆಂದು ತಿಳಿಯುವುದು ಬೇಡ. 160 ಡಿಗ್ರಿಯಲ್ಲಿ ಆರು ನಿಮಿಷ ಇಡಿ. ಅಂಚು ಮತ್ತೆ ಗಟ್ಟಿಯಾಗುತ್ತದೆ, ನಡುವಿನ ತೇವ ಅಲ್ಲೇ ಉಳಿಯುತ್ತದೆ. ಮೇಲಿನ ಬಾದಾಮಿ ಎರಡನೇ ಕಾವಿಗೆ ಇನ್ನೂ ಒಂದು ಬಣ್ಣ ಏರುತ್ತದೆ. ಬಾದಾಮಿ ಕ್ರೊಸಾಂಟ್ ಎರಡನೇ ಸಲ ಬೆಂದ ತಿಂಡಿ. ಮೊದಲ ದಿನದ ಕುಕ್ಕಿಗಿಂತ ಹೀಗೆ ಮರುದಿನ ಬಿಸಿ ಮಾಡಿದ ಕುಕ್ಕಿಯೇ ಅದಕ್ಕೆ ಹೆಚ್ಚು ಹತ್ತಿರ. ಹನ್ನೆರಡರಲ್ಲಿ ನಾಲ್ಕನ್ನಾದರೂ ಮಾರನೆಯ ಬೆಳಗಿನ ಚಹಾಕ್ಕೆಂದು ತೆಗೆದಿಡಿ.